ಬಂಡೆಯ ಮೇಲಿನ ಹುಲ್ಲು

ವಚನ, ಪುರಾಣ, ಷಟ್‌ಸ್ಥಲಗಳ ವಿಚಾರವಾಗಿ ಈ ಪುಟಗಳಲ್ಲಿ ಬರೆಯುತ್ತ ಬಂದವರು ಈ ಸಲ ಹುಲ್ಲಿನ ಬಗ್ಗೆ ಬರೆಯಹೊರಟಿದ್ದಾರೆಂದು ಹಿರಿಯ ಓದುಗರು ನಗಬಹುದು, ನಗಲಿ. ನಾವು ಬಾಲ್ಯದಲ್ಲಿ ಮಠಕ್ಕೆ ಬಂದಾಗ ನಮ್ಮ ಕೈಗೆ ಮೊದಲು ಕೊಟ್ಟದ್ದು ಶಬ್ದಮಣಿದರ್ಪಣವನ್ನಲ್ಲ, ಕುಡುಗೋಲನ್ನು. ಆ ಕುಡುಗೋಲಿಗೆ ಸಂಬಂಧಿಸಿದ ಒಂದು ತಪ್ಪೊಪ್ಪಿಗೆಯೂ ನಮ್ಮಲ್ಲಿ ಉಳಿದಿದೆ. ಅದನ್ನು ಹೇಳಿಬಿಡುವ ವಯಸ್ಸು ಈಗ ಬಂದಿದೆ.

ಕೋಲಾರ ಸೀಮೆಯ ನಮ್ಮ ಮಠವು ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ನಡುವಣ ಒಂದು ಚಿಕ್ಕ ಗ್ರಾಮದಲ್ಲಿದೆ. ಹಿಂಬದಿಗೆ ಬಂಡೆಗುಡ್ಡ, ಮುಂದೆ ಕೆರೆ, ಎರಡರ ನಡುವೆ ಹದಿನಾಲ್ಕು ಎಕರೆಯಷ್ಟು ಇಳಿಜಾರು ನೆಲ. 1972ರಲ್ಲಿ, ಹನ್ನೆರಡರ ಹರೆಯದಲ್ಲಿ, ತಂದೆಯವರು ನಮ್ಮನ್ನು ಹಿರಿಯ ಶ್ರೀಗಳವರ ಪಾದಕ್ಕೆ ಒಪ್ಪಿಸಿ ಹೋದರು. ಅದು ಕ್ಷಾಮದ ವರ್ಷ. ಕೆರೆಯ ಅಂಗಳ ಬಿರುಕುಬಿಟ್ಟಿತ್ತು. ಮಠದ ಕೊಟ್ಟಿಗೆಯಲ್ಲಿ ಮೂವತ್ತಕ್ಕೂ ಮಿಕ್ಕಿ ದನಗಳಿದ್ದವು. ರಾಗಿಹುಲ್ಲಿನ ಮೆದೆ ಸಂಕ್ರಾಂತಿಯ ಹೊತ್ತಿಗೇ ಅರ್ಧ ಕರಗಿತ್ತು. ಬೆಳಗಿನ ಶಿವಪೂಜೆ ಮುಗಿದೊಡನೆ ನಾಲ್ಕೈದು ಜನ ಹುಡುಗರು ದನಕಾಯುವ ತಾತನ ಹಿಂದೆ ಮೇವು ಹುಡುಕುತ್ತ ಗುಡ್ಡ ಹತ್ತುವುದು ನಿತ್ಯದ ಕಾಯಕವಾಯಿತು.

ತಾತನಿಗೆ ಹೆಸರೊಂದಿತ್ತು, ಆದರೆ ಶ್ರೀಗಳವರು ಮೊದಲ್ಗೊಂಡು ಎಲ್ಲರೂ ತಾತ ಎಂದೇ ಕರೆಯುತ್ತಿದ್ದರು. ಅಕ್ಷರ ಬಾರದು. ಯಾವ ಹುಲ್ಲನ್ನು ಯಾವ ಮಳೆಗೆ ಯಾವ ದನ ಬಯಸುತ್ತದೆ ಎಂಬುದು ಮಾತ್ರ ಕಂಠಪಾಠ. ಒಂದು ದಿನ ಬಂಡೆಯ ಸಂದಿನಲ್ಲಿ, ಬೆರಳ ದಪ್ಪದ ಮಣ್ಣಿನಲ್ಲಿ, ಒಣಗಿ ಕಂದಾಗಿ ಮುದುಡಿದ್ದ ಒಂದು ಗೇಣಿಗೂ ಕಡಿಮೆ ಎತ್ತರದ ಹುಲ್ಲಿನ ಕುಚ್ಚನ್ನು ನಾವು ಕಿತ್ತೆಸೆಯಲು ಹೋದೆವು. ತಾತ ಕೈ ತಡೆದು, "ಬ್ಯಾಡ ಮರೀ, ಅದು ಸತ್ತಿಲ್ಲ. ನಿದ್ದೆ ಮಾಡ್ತೈತೆ. ನೀರು ತೋರ್ಸು, ಎದ್ದೇಳ್ತೈತೆ" ಎಂದರು. ನಮಗೆ ನಂಬಿಕೆಯಾಗಲಿಲ್ಲ. ಅಭಿಷೇಕಕ್ಕೆಂದು ಹಳ್ಳದ ಒರತೆಯಿಂದ ಹೊತ್ತು ತರುತ್ತಿದ್ದ ತಂಬಿಗೆಯಿಂದ ಒಂದು ಗುಟುಕು ನೀರನ್ನು ಗುಟ್ಟಾಗಿ ಅದರ ಬುಡಕ್ಕೆ ಸುರಿದೆವು. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಆ ಕಂದು ಕುಚ್ಚು ಹಸುರಾಗಿ ನಿಂತಿತ್ತು! ಹೊಸ ಚಿಗುರಲ್ಲ, ನಿನ್ನೆ ಸತ್ತಂತಿದ್ದ ಎಲೆಯೇ ಹಸುರಾಗಿತ್ತು. ಪೂಜೆಯ ನೀರನ್ನು ಪೋಲು ಮಾಡಿದ್ದಕ್ಕೆ ಶಿಕ್ಷೆಯಾದೀತೆಂಬ ಭಯದಿಂದ ಈ ಪವಾಡವನ್ನು ಯಾರಿಗೂ ಹೇಳಲಿಲ್ಲ. ನಾಲ್ಕು ದಶಕಗಳಾಚೆ ಅದರ ಅರ್ಥ ತಿಳಿಯಿತು. ಆ ಸಂದರ್ಭ ಮುಂದೆ ಬರುತ್ತದೆ.

ಗುಡ್ಡದ ಕೆಳಗಿನ ಆ ಹದಿನಾಲ್ಕು ಎಕರೆಯನ್ನು ಹಳೆಯ ಕಾಗದಪತ್ರಗಳಲ್ಲಿ ಹುಲ್ಲುಬನ್ನಿ ಎಂದು ಬರೆಯಲಾಗಿತ್ತು. ಇದು ಮೈಸೂರು ಸೀಮೆಯ ಕಂದಾಯದ ಹಳೆಯ ಮಾತು. ಮೇವಿಗಾಗಿ ಬಿಟ್ಟ ಹುಲ್ಲಿನ ನೆಲ ಎಂದು ಅರ್ಥ. ಇದರಾಚೆ ಊರಿನ ಗೋಮಾಳವಿತ್ತು. ಎರಡರ ನಡುವೆ ಬೇಲಿಯಿರಲಿಲ್ಲ. ಮಠದ ದನಗಳೂ ಊರಿನ ಕುರಿಮೇಕೆಗಳೂ ಬೆರೆತೇ ಮೇಯುತ್ತಿದ್ದವು. ಮುಂಗಾರು ಹನಿದ ಮೇಲೆ ಕೆಲವು ವಾರಗಳ ಕಾಲ ತಾತ ಯಾವ ಜಾನುವಾರನ್ನೂ ಅತ್ತ ಬಿಡುತ್ತಿರಲಿಲ್ಲ. "ಹಾಲು ಕುಡಿಯೋ ಮಗೂನ ದುಡಿಯಾಕೆ ಕಳಿಸ್ತಾರಾ?" ಎನ್ನುತ್ತಿದ್ದರು. ಅವರ ಮಾತಿಗೆ ಊರಿನವರೂ ತಲೆಬಾಗುತ್ತಿದ್ದರು.

ಕಲ್ಯಾಣದ ಶರಣರಲ್ಲಿ ತುರುಗಾಹಿ ರಾಮಣ್ಣ ಎಂಬ ಒಬ್ಬರಿದ್ದುದನ್ನು ನಮ್ಮ ಓದುಗರು ಬಲ್ಲರು. ಶರಣರ ದನಗಳನ್ನು ಕಾಯುವುದೇ ಅವರ ಕಾಯಕವಾಗಿತ್ತು. ಮುಂದೆ ನಾವು ಬೆಂಗಳೂರಿನಲ್ಲಿ ಪಂಡಿತ ಪದವಿಗಾಗಿ ಓದುವಾಗ ರಾಮಣ್ಣನವರ ವಚನಗಳ ಪಾಠಾಂತರಗಳನ್ನು ಹೋಲಿಸಿ ಒಂದು ದೀರ್ಘ ಪ್ರಬಂಧವನ್ನೇ ಬರೆದೆವು. ಗುರುಗಳಿಂದ ಮೆಚ್ಚುಗೆಯೂ ದೊರೆಯಿತು. ನಮ್ಮ ಕಣ್ಣ ಮುಂದೆಯೇ ಒಬ್ಬ ತುರುಗಾಹಿ ಇದ್ದದ್ದು ಆಗ ನಮಗೆ ಹೊಳೆಯಲಿಲ್ಲ.

ಇನ್ನು ತಪ್ಪಿನ ವಿಚಾರ. 1984ರಲ್ಲಿ ನಾವು ಓದು ಮುಗಿಸಿ ಮಠಕ್ಕೆ ಹಿಂತಿರುಗಿದೆವು. ಆಗ ಕೋಲಾರ ಜಿಲ್ಲೆಯಲ್ಲೆಲ್ಲ ನೀಲಗಿರಿಯದೇ ಮಾತು. ಸಾಮಾಜಿಕ ಅರಣ್ಯ ಯೋಜನೆಯಡಿ ಸಸಿಗಳು ಸುಲಭವಾಗಿ ಸಿಗುತ್ತಿದ್ದವು. ಮಾಲೂರಿನ ಕಡೆಯಂತೂ ರಾಗಿ ಹೊಲಗಳೇ ತೋಪುಗಳಾಗುತ್ತಿದ್ದವು. ಉಳುವ ಕಷ್ಟವಿಲ್ಲ, ಕಾಯುವ ಕಷ್ಟವಿಲ್ಲ, ಏಳೆಂಟು ವರ್ಷಕ್ಕೊಮ್ಮೆ ಕಡಿದರೆ ಹಣ, ಕಡಿದ ಬುಡದಿಂದಲೇ ಮತ್ತೆ ಚಿಗುರು. ರಾಗಿ ನೆಲಕ್ಕೆ ನೀಲಗಿರಿ ಬಂದರೆ ಕೂಲಿಯವರಿಗೂ ದನಗಳಿಗೂ ಏನಾಗುತ್ತದೆ ಎಂದು ಬೆಂಗಳೂರಿನ ಭಾರತೀಯ ಪ್ರಬಂಧ ಸಂಸ್ಥೆಯಿಂದ ವಂದನಾ ಶಿವ, ಎಚ್.ಸಿ. ಶರತ್ಚಂದ್ರ, ಜಯಂತ ಬಂದೋಪಾಧ್ಯಾಯ ಅವರು ಕೋಲಾರವನ್ನೇ ಹಿಡಿದು ಮಾಡಿದ ಅಧ್ಯಯನ 1981ರಲ್ಲೇ ಬಂದಿತ್ತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನೀಲಗಿರಿ ಸಸಿಗಳನ್ನು ಕಿತ್ತ ಸುದ್ದಿಯೂ ಪತ್ರಿಕೆಗಳಲ್ಲಿ ಬಂದಿತ್ತು. ನಾವು ಮೊದಲನೆಯದನ್ನು ಅರಿಯೆವು, ಎರಡನೆಯದನ್ನು ಓದಿ ಮಡಿಸಿಟ್ಟೆವು.

ಮಠದಲ್ಲಿ ಆಗ ಪ್ರಸಾದನಿಲಯದ ಚಾವಣಿ ಸೋರುತ್ತಿತ್ತು. ಆಡಳಿತ ಮಂಡಳಿಯ ಹಿರಿಯರು ಹುಲ್ಲುಬನ್ನಿಯಲ್ಲಿ ನೀಲಗಿರಿ ಹಾಕಿಸುವ ಆಲೋಚನೆ ಮಾಡಿ, ಸಸಿಗಾಗಿ ಮನವಿಪತ್ರ ಬರೆಯುವ ಕೆಲಸವನ್ನು ಹೊಸದಾಗಿ ಪಂಡಿತರಾಗಿ ಬಂದಿದ್ದ ನಮಗೆ ವಹಿಸಿದರು. ನಾವು ಬಹು ಸೊಗಸಾಗಿಯೇ ಬರೆದೆವು. "ಸದರಿ ಜಮೀನು ಯಾವ ಉಪಯೋಗಕ್ಕೂ ಬಾರದ ಬಂಜರು ಭೂಮಿಯಾಗಿದ್ದು" ಎಂಬ ವಾಕ್ಯ ನಮ್ಮದು. ಹೇಳಿಕೊಟ್ಟವರು ಯಾರೂ ಇಲ್ಲ. ಹುಲ್ಲುಬನ್ನಿ ಎಂಬ ಶಬ್ದ ಗ್ರಾಮ್ಯವೆಂದೂ ಅಧಿಕಾರಿಗಳಿಗೆ ತಿಳಿಯದೆಂದೂ ಅದನ್ನು ಹೊಡೆದುಹಾಕಿ ಬಂಜರು ಎಂದು ತಿದ್ದಿದ್ದು ನಮ್ಮ ಲೇಖನಿಯೇ.

ಗುಂಡಿ ತೋಡುವ ದಿನ ತಾತ ನಮ್ಮ ಬಳಿಗೆ ಬಂದರು. ನಾವು ಓದಿ ಬಂದ ಮೇಲೆ ಅವರು ನಮ್ಮನ್ನು ಮರೀ ಎನ್ನುವುದನ್ನು ಬಿಟ್ಟಿದ್ದರು. "ಅಯ್ನೋರೇ, ಆ ಮರದ ಎಲೇನ ಮೇಕೇನೂ ಮುಟ್ಟಾಕಿಲ್ಲ. ನಮ್ಮ ದನ ಏನು ತಿನ್ನಬೇಕು?" ಎಂದು ಕೇಳಿದರು. ಕಡಿದಾಗ ಬರುವ ಹಣದಿಂದ ಹುಲ್ಲು ಕೊಳ್ಳಬಹುದು ತಾತ ಎಂದೆವು. ಅವರು ನಮ್ಮ ಮುಖವನ್ನು ಒಂದು ಕ್ಷಣ ನೋಡಿ, ಕೈಮುಗಿದು ಹೊರಟುಹೋದರು. ಆ ಕೈಮುಗಿತ ಈಗಲೂ ನಮ್ಮನ್ನು ಬಾಧಿಸುತ್ತದೆ, ಬೈದಿದ್ದರೆ ಮರೆತುಹೋಗುತ್ತಿತ್ತೇನೋ.

ನ್ಯಾಯವಾಗಿ ಹೇಳಬೇಕಾದ ಮಾತೂ ಒಂದಿದೆ. ಮೊದಲ ಕಟಾವಿನ ಹಣದಿಂದ ಪ್ರಸಾದನಿಲಯಕ್ಕೆ ತಾರಸಿ ಬಿದ್ದಿತು. ಅಲ್ಲಿ ಉಂಡು ಓದಿದ ಹುಡುಗರು ಇಂದು ಕೋಲಾರದಲ್ಲೂ ಬೆಂಗಳೂರಿನಲ್ಲೂ ಒಳ್ಳೆಯ ಸ್ಥಾನಗಳಲ್ಲಿದ್ದಾರೆ. ಆ ಹಣ ಪಾಪದ ಹಣವೆಂದು ನಾವು ಹೇಳಲಾರೆವು. ಆದರೆ ಎರಡನೆಯ ಕಟಾವಿನ ವೇಳೆಗೆ ಕೊಟ್ಟಿಗೆಯಲ್ಲಿ ಉಳಿದದ್ದು ಐದು ದನ. ಹಳ್ಳದ ಒರತೆ ಬತ್ತಿತು. ತಾತ ಕಣ್ಣು ಮುಚ್ಚುವಾಗ ಮಠದ ಅಭಿಷೇಕದ ಹಾಲು ಡೈರಿಯಿಂದ ಪೊಟ್ಟಣದಲ್ಲಿ ಬರುತ್ತಿತ್ತು.

2016ರ ಬರಗಾಲದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಮಠಕ್ಕೆ ಬಂದು, ಗುಡ್ಡದ ಮೇಲೂ ಸುತ್ತಲ ಗೋಮಾಳಗಳಲ್ಲೂ ಹುಲ್ಲನ್ನು ಅಳೆಯಲು ಅಪ್ಪಣೆ ಬೇಡಿದಳು. ಹುಲ್ಲನ್ನು ಅಳೆಯುವುದೆಂದರೇನೆಂದು ನಮಗೆ ಕುತೂಹಲ. ಒಂದು ಮೀಟರ್ ಚೌಕದ ಕಬ್ಬಿಣದ ಚೌಕಟ್ಟನ್ನು ನೆಲದ ಮೇಲಿಟ್ಟು, ಅದರೊಳಗಿನ ಒಂದೊಂದು ಎಳೆಯನ್ನೂ ಜಾತಿವಾರು ಎಣಿಸಿ, ಬುಡಕ್ಕೆ ಕತ್ತರಿಸಿ, ಕಾಗದದ ಚೀಲಕ್ಕೆ ಹಾಕಿ ಚೀಟಿ ಅಂಟಿಸುತ್ತಿದ್ದಳು. ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ತಾಲ್ಲೂಕುಗಳಲ್ಲಿ ಇದೇ ಕೆಲಸವಂತೆ. ಹಳೆಯ ತಾಳೆಗರಿಯ ಪ್ರತಿಗಳನ್ನು ಅಕ್ಷರ ಅಕ್ಷರವಾಗಿ ನೋಡಿದ ನಮಗೆ ಆ ತಾಳ್ಮೆಯ ಬಗ್ಗೆ ಗೌರವ ಹುಟ್ಟಿತು.

ಅವಳಿಗೆ ಆ ಬಂಡೆಯ ಹುಲ್ಲನ್ನು ತೋರಿಸಿದೆವು. ಭೂತಕನ್ನಡಿ ಹಿಡಿದು ನೋಡಿ, "ಗುರುಗಳೇ, ಇದು ಓರೋಪೀಟಿಯಂ. ಜೀವ ಮರಳಿ ಪಡೆಯುವ ಹುಲ್ಲು" ಎಂದಳು. ನಾವು ಬಾಲ್ಯದ ತಂಬಿಗೆಯ ಕತೆಯನ್ನು ಜೀವಮಾನದಲ್ಲಿ ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದ್ದು ಆ ಮಗಳಿಗೇ. ಅವಳು ನಗಲಿಲ್ಲ, ಪುಸ್ತಕ ತೆಗೆದು ಬರೆದುಕೊಂಡಳು.

ಅವಳಿಂದ ತಿಳಿದದ್ದು ಇಷ್ಟು. ಆಸ್ಟ್ರೇಲಿಯಾದ ಡಿ.ಎಫ್. ಗ್ಯಾಫ್ ಎಂಬ ಸಸ್ಯವಿಜ್ಞಾನಿ ಇಂತಹ ಗಿಡಗಳನ್ನು ಹುಡುಕುವುದನ್ನೇ ಜೀವಿತದ ಕೆಲಸ ಮಾಡಿಕೊಂಡವರು. 1971ರಲ್ಲಿ ದಕ್ಷಿಣ ಆಫ್ರಿಕಾದ ಹೂಬಿಡುವ ಸಸ್ಯಗಳಲ್ಲಿ ಇಂತಹವು ಹಲವಿವೆಯೆಂದು ತೋರಿಸಿದರು. ಅನಂತರ ನಮ್ಮ ದೇಶದ ಪಿ.ವಿ. ಬೋಲೆಯವರೊಡನೆ ಸೇರಿ ಭಾರತದ ಹುಲ್ಲುಗಳನ್ನೇ ಪರೀಕ್ಷಿಸಿ 1986ರಲ್ಲಿ ಲೇಖನ ಪ್ರಕಟಿಸಿದರು. ಸಾಮಾನ್ಯವಾಗಿ ಗಿಡದ ಎಲೆ ತನ್ನ ನೀರಿನಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚನ್ನು ಕಳೆದುಕೊಂಡರೆ ಮತ್ತೆ ಬದುಕುವುದಿಲ್ಲ. ಈ ಹುಲ್ಲುಗಳಾದರೋ ಗಾಳಿಗೆ ಪುಡಿಯಾಗುವಷ್ಟು ಒಣಗಿಯೂ ಬದುಕಿರುತ್ತವೆ. ಒಣಗುತ್ತಿರುವಾಗಲೇ ಜೀವಕೋಶದೊಳಗೆ ಸಕ್ಕರೆಗಳೂ ಕೆಲವು ರಕ್ಷಕ ಪ್ರೋಟೀನುಗಳೂ ತುಂಬಿಕೊಂಡು, ನೀರು ಹೋದ ಜಾಗವನ್ನು ತಾವು ಹಿಡಿದು, ಕೋಶದ ಪೊರೆ ಹರಿಯದಂತೆ ಕಾಯುತ್ತವೆ. ನೀರು ಬಿದ್ದೊಡನೆ ಮತ್ತೆ ಎಲ್ಲವೂ ಮೊದಲಿನಂತೆ. 2015ರಲ್ಲಿ ಈ ಓರೋಪೀಟಿಯಂನ ವಂಶವಾಹಿಯ ಲಿಪಿಯನ್ನೇ ವಿಜ್ಞಾನಿಗಳು ಓದಿ ಮುಗಿಸಿದ್ದಾರೆ. ಹುಲ್ಲುಗಳಲ್ಲೆಲ್ಲ ಬಹಳ ಚಿಕ್ಕ ಗ್ರಂಥವಂತೆ ಅದರದು. ರಾಗಿ, ಜೋಳಗಳಿಗೆ ಬರಗಾಲ ತಡೆಯುವ ಶಕ್ತಿಯನ್ನು ಕಲಿಸಲು ಅದರಲ್ಲಿ ಪಾಠವಿದೆಯೇ ಎಂದು ಹುಡುಕುತ್ತಿದ್ದಾರೆ. "ನಿದ್ದೆ ಮಾಡ್ತೈತೆ" ಎಂದ ತಾತನ ಮಾತಿಗೆ ಇಷ್ಟು ದೊಡ್ಡ ಭಾಷ್ಯ!

ಆದರೆ ಈ ಹುಲ್ಲಿನಿಂದ ದನದ ಹೊಟ್ಟೆ ತುಂಬುವುದಿಲ್ಲ. ಅದು ಒಂದು ಬಾಯಿಗೂ ಆಗದು. ಮೇವಿನ ಹುಲ್ಲುಗಳ ಉಪಾಯ ಬೇರೆ. ಅವುಗಳ ಚಿಗುರುವ ಕಣ್ಣು ನೆಲಮಟ್ಟದಲ್ಲಿರುತ್ತದೆ. ಆದುದರಿಂದ ದನ ಮೇಯ್ದರೂ, ಬಿಸಿಲಿಗೆ ಮೇಲಣ ಎಲೆ ಸತ್ತರೂ ಬುಡ ಉಳಿಯುತ್ತದೆ. ನೀರು ಕಡಿಮೆಯಾದಾಗ ಎಲೆ ಕೊಳವೆಯಂತೆ ಸುರುಳಿಕೊಂಡು ಆವಿಯಾಗುವುದನ್ನು ತಗ್ಗಿಸುತ್ತದೆ. ಒಣಗುತ್ತಿರುವ ಬೇರು ರಾಸಾಯನಿಕವೊಂದರ ಮೂಲಕ ಎಲೆಗೆ ಸುದ್ದಿ ಕಳುಹಿಸಿ, ಎಲೆಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಸುತ್ತದೆ.

ಇನ್ನೂ ಒಂದು ಸೂಕ್ಷ್ಮವಿದೆ. ಗಿಡವು ಅನ್ನ ತಯಾರಿಸಲು ಗಾಳಿಯಿಂದ ಇಂಗಾಲಾಮ್ಲವನ್ನು ಒಳಗೆ ತೆಗೆದುಕೊಳ್ಳಬೇಕು. ಅದಕ್ಕಾಗಿ ರಂಧ್ರ ತೆರೆದರೆ ನೀರು ಹೊರಗೆ ಹೋಗುತ್ತದೆ. ಕಬ್ಬು, ರಾಗಿ, ಜೋಳ ಮತ್ತು ನಮ್ಮ ಒಣಸೀಮೆಯ ಬಹುಪಾಲು ಹುಲ್ಲುಗಳು ಆ ಅನಿಲವನ್ನು ಮೊದಲು ಹೊರಕೋಶಗಳಲ್ಲಿ ಹಿಡಿದಿಟ್ಟು, ಒಳಕೋಶಗಳಿಗೆ ಒತ್ತಿ ತುಂಬುತ್ತವೆ. ಹಾಗಾಗಿ ಕಡಿಮೆ ನೀರಿನಲ್ಲಿ ಹೆಚ್ಚು ಅನ್ನ. ಭತ್ತ, ಗೋಧಿಗಳಿಗೆ ಈ ವಿದ್ಯೆಯಿಲ್ಲ. 1966ರಲ್ಲಿ ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್ ಇದನ್ನು ಕಬ್ಬಿನಲ್ಲಿ ಬಿಡಿಸಿ ತೋರಿಸಿದರು. ಮುಳಬಾಗಿಲಿನಿಂದ ಮೂಡಲಿಗೆ ಹೋದರೆ ಸಿಗುವ ತಿರುಪತಿಯ ವಿಶ್ವವಿದ್ಯಾನಿಲಯದಲ್ಲಿ ವಿ.ಎಸ್. ರಾಮದಾಸ್, ಎ.ಎಸ್. ರಾಘವೇಂದ್ರ ಅವರು 1970ರ ದಶಕದಲ್ಲಿ ಇಂತಹ ಸಸ್ಯಗಳ ಮೇಲೆ ಬಹಳ ಕೆಲಸ ಮಾಡಿದರು. ತಿರುಪತಿ ಬಸ್ಸು ಹತ್ತುವ ನಮ್ಮ ಸೀಮೆಯ ಜನಕ್ಕೆ ಅಲ್ಲಿ ಇಂತಹದೂ ನಡೆದಿದೆಯೆಂಬುದು ತಿಳಿದಿರಲಾರದು.

ಗರಿಕೆಯೂ ಈ ವಿದ್ಯೆಯ ಹುಲ್ಲೇ. ಕುರುಡುಮಲೆಯ ಗಣಪತಿಗೆ ಅದನ್ನೇರಿಸುವವರೂ, ಸಂಕ್ರಾಂತಿಗೆ ಸಗಣಿಯ ಬೆನಕನ ತಲೆಗೆ ಅದನ್ನು ಚುಚ್ಚುವ ನಮ್ಮ ಮನೆಗಳ ತಾಯಂದಿರೂ ಯಾವ ಬರಗಾಲದಲ್ಲೂ ಗರಿಕೆ ಸಿಗಲಿಲ್ಲವೆಂದು ಹೇಳಿದ್ದನ್ನು ನಾವು ಕೇಳಿಲ್ಲ. ಮಣ್ಣೊಳಗೆ ಹರಿಯುವ ಅದರ ಕಾಂಡದ ಗಿಣ್ಣುಗಿಣ್ಣಿನಲ್ಲೂ ಒಂದು ಗಿಡ ಅಡಗಿ ಕುಳಿತಿರುತ್ತದೆ.

ನಮ್ಮ ಹುಲ್ಲುಬನ್ನಿಯಲ್ಲಿ ಹಿಂದೆ ಯಾವ ಹುಲ್ಲಿತ್ತು ಎಂದು ಅವಳು ಕೇಳಿದಾಗ ನಮಗೆ ಹೇಳಲಾಗಲಿಲ್ಲ. ಕೊಯ್ದವರು ನಾವೇ, ಆದರೂ ಹೆಸರು ತಿಳಿಯದು. ತಾತನೊಡನೆ ಆ ಹೆಸರುಗಳೆಲ್ಲ ಮಣ್ಣಾದವು. ಆಗ ಅವಳು ದಬಡ್‌ಘಾವ್ ಮತ್ತು ಶಂಕರನಾರಾಯಣ ಎಂಬಿಬ್ಬರು ವಿಜ್ಞಾನಿಗಳ ಮಾತು ತೆಗೆದಳು. ಇಡೀ ದೇಶದ ಹುಲ್ಲುಹೊದಿಕೆಯನ್ನು ಸಮೀಕ್ಷಿಸಿದ ಅವರ ಗ್ರಂಥ 1973ರಲ್ಲಿ ಪ್ರಕಟವಾಯಿತು. ದೇಶದ ಹುಲ್ಲುನೆಲಗಳನ್ನು ಅವರು ಐದು ಬಗೆಯಾಗಿ ವಿಂಗಡಿಸಿದರು. ದಖ್ಖನ್ ಪ್ರಸ್ಥಭೂಮಿಯ ನಮ್ಮದು ಸೆಹಿಮಾ ಮತ್ತು ಡೈಕ್ಯಾಂಥಿಯಂ ಎಂಬ ಎರಡು ಬಹುವರ್ಷದ ಒಳ್ಳೆಯ ಮೇವುಗಳ ನೆಲ. ಮಿತಿಮೀರಿ ಮೇಯಿಸಿದರೆ ಇವು ಹಿಂದೆ ಸರಿಯುತ್ತವೆ. ಆಗ ಪಂಚೆಗೆ ಚುಚ್ಚಿಕೊಳ್ಳುವ ಕಪ್ಪು ಬಾಲದ ಬೀಜದ ಹುಲ್ಲು ಬರುತ್ತದೆ. ಅದನ್ನೂ ಬಿಡದೆ ಮೇಯಿಸಿದರೆ ಪೊರಕೆಗೆ ಮಾತ್ರ ಆಗುವ ಹಂಚಿಕಡ್ಡಿ ಬರುತ್ತದೆ. ಆಮೇಲೆ ಮಳೆಗಾಲದ ನಾಲ್ಕು ದಿನದ ಗರಿಗಳು, ಕೊನೆಗೆ ಬರಿ ಜಲ್ಲಿ. ನೆಲವು ಒಂದೇ ಸಲಕ್ಕೆ ಬಂಜರಾಗುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ನಾವಾದರೋ ಒಂದೇ ಲೇಖನಿಯ ಗೀಟಿನಲ್ಲಿ ಮೇಲಣ ಮೆಟ್ಟಿಲಿನಿಂದ ಕೆಳಕ್ಕೆ ತಳ್ಳಿದ್ದೆವು.

ನೀಲಗಿರಿ ನೀರು ಹೀರುತ್ತದೆಂಬ ಮಾತು ಊರೆಲ್ಲ ಆಡುವಂತಹದು. ವಿಜ್ಞಾನ ಏನೆನ್ನುತ್ತದೆಂದು ನಾವು ಕೇಳಿದೆವು. ಇಂಗ್ಲೆಂಡಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ಕರ್ನಾಟಕ ಅರಣ್ಯ ಇಲಾಖೆಯೊಡನೆ ಸೇರಿ ಇದನ್ನು ಅಳೆದರು. ಅವರ ಪ್ರಯೋಗದ ನೆಲಗಳಲ್ಲಿ ಒಂದು, ಮಾಲೂರಿಗೂ ಕೋಲಾರಕ್ಕೂ ನೆರೆಯದಾದ ಹೊಸಕೋಟೆ. ಅವರ ಉತ್ತರ ಊರಿನ ಮಾತಿನಷ್ಟು ಸರಳವಾಗಿಲ್ಲ. ತೆಳು ಮಣ್ಣಿರುವ ಕಡೆ ನೀಲಗಿರಿಯು ನಮ್ಮ ಕುರುಚಲು ಕಾಡಿಗಿಂತ ಹೆಚ್ಚು ನೀರನ್ನು ಬಳಸಲಿಲ್ಲ. ಆದರೆ ರಾಗಿ ಬೆಳೆಯುವ ಹೊಲಕ್ಕಿಂತ ಸುಮಾರು ಎರಡರಷ್ಟು ಬಳಸಿತು. ಆಳವಾದ ಮಣ್ಣಿನ ಹೊಸಕೋಟೆಯಲ್ಲಿ ಮಾತ್ರ ಬೇರೆಯೇ ಆಯಿತು. ಮಳೆ ಕಡಿಮೆಯಿದ್ದ ಮೂರು ವರ್ಷಗಳಲ್ಲಿ ಅಲ್ಲಿ ಬಿದ್ದದ್ದು ಸುಮಾರು 2100 ಮಿಲಿಮೀಟರ್ ಮಳೆ. ಎಳೆಯ ನೀಲಗಿರಿ ಬಳಸಿದ್ದು ಸುಮಾರು 3400 ಮಿಲಿಮೀಟರ್ ನೀರು. ಮಿಕ್ಕದ್ದನ್ನು ಬೇರು ಕೆಳಕೆಳಕ್ಕೆ ಇಳಿಸಿ, ಹಿಂದಿನ ಮಳೆಗಾಲಗಳು ಕೂಡಿಟ್ಟದ್ದರಿಂದ ತೆಗೆಯಿತು. 1997ರಲ್ಲಿ ಅವರು ಪ್ರಕಟಿಸಿದ ಲೆಕ್ಕವಿದು. ಗಳಿಸಿದ್ದನ್ನಲ್ಲದೆ ಅಜ್ಜನ ಗಂಟನ್ನೂ ಬಿಚ್ಚಿ ತಿನ್ನುವ ಮೊಮ್ಮಗನ ಲೆಕ್ಕ. ನದಿಯೆಂಬುದು ವರ್ಷವಿಡೀ ಹರಿಯದ, ಕೆರೆ ಮತ್ತು ಕೊಳವೆಬಾವಿಗಳನ್ನೇ ನಂಬಿದ ಕೋಲಾರಕ್ಕೆ ಇದು ಚಿಕ್ಕ ಮಾತಲ್ಲ.

2017ರಲ್ಲಿ ಹೊಸದಾಗಿ ನೀಲಗಿರಿ ನೆಡಬಾರದೆಂದು ರಾಜ್ಯ ಸರ್ಕಾರ ಆಜ್ಞೆ ಮಾಡಿತು. ಮರುವರ್ಷ ಈಗಿನ ಶ್ರೀಗಳವರು ನಮ್ಮ ಪ್ರಾರ್ಥನೆಯನ್ನು ಮನ್ನಿಸಿ ಬುಡಗಳನ್ನು ಕೀಳಿಸಲು ಅಪ್ಪಣೆ ಕೊಡಿಸಿದರು. ಜೆಸಿಬಿ ಯಂತ್ರ ಹತ್ತು ದಿನ ಗುಡುಗಿತು. ಆ ಖರ್ಚನ್ನು ಕೊಟ್ಟವರು ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಗಳೇ ಎಂಬುದನ್ನು ಇಲ್ಲಿ ಸ್ಮರಿಸದಿದ್ದರೆ ತಪ್ಪಾದೀತು. ಬೇಲಿ ಹಾಕಿಸಿದೆವು. ಹುಲ್ಲು ತಾನಾಗಿ ಬರುತ್ತದೆಂದು ಕಾದೆವು. ಬಂದದ್ದು ಪಾರ್ಥೇನಿಯಂ! ಎದೆಯೆತ್ತರಕ್ಕೆ, ಬಿಳಿ ಹೂವಿನ ಸಂತೆಯಂತೆ. ಪ್ರಸಾದನಿಲಯದ ಹುಡುಗರು ಕೈಗೆ ಚೀಲ ಕಟ್ಟಿಕೊಂಡು ಹೂವಾಗುವ ಮೊದಲೇ ಕೀಳಬೇಕಾಯಿತು. ಕೆಲವರಿಗೆ ಮೈ ತುರಿಕೆ ಬಂದು ಪೋಷಕರಿಂದ ನಮಗೆ ಆಕ್ಷೇಪಣೆಯೂ ಬಂತು. ಆಕ್ಷೇಪಣೆ ನ್ಯಾಯವಾದದ್ದೇ.

ಬೀಜ ಬೇಕೆಂದಾಗ ಎಲ್ಲಿಂದ ತರುವುದು? ಮಾವಿನ ತೋಟಗಳಾಗಿ ಹೋದ ಶ್ರೀನಿವಾಸಪುರದ ಬೀಳುಗಳಲ್ಲಿ ಇಲ್ಲ, ಮಾಲೂರಿನ ತೋಪುಗಳ ಕೆಳಗೆ ಇಲ್ಲ. ಆ ವಿದ್ಯಾರ್ಥಿನಿಯೇ ಒಂದು ದಿನ ಫೋನ್ ಮಾಡಿ, "ಗುರುಗಳೇ, ನಿಮ್ಮ ಸಮಾಜದ ರುದ್ರಭೂಮಿಯನ್ನು ನೋಡಿದ್ದೀರಾ?" ಎಂದಳು. ನೋಡದೆ ಏನು, ನಮ್ಮ ಹಿರಿಯರೆಲ್ಲ ಅಲ್ಲಿಯೇ ಸಮಾಧಿಯಾಗಿದ್ದಾರೆ! ಆದರೆ ಕೆಳಗೆ ನೋಡಿರಲಿಲ್ಲ. ಉಳುಮೆಯಿಲ್ಲದೆ, ದನ ನುಗ್ಗದಂತೆ ಕಲ್ಲಿನ ಗೋಡೆಯೊಳಗೆ ತಲೆಮಾರುಗಳಿಂದ ಇದ್ದ ಆ ಮುಕ್ಕಾಲು ಎಕರೆಯಲ್ಲಿ ಸಮಾಧಿ ಸಮಾಧಿಗಳ ನಡುವೆ ಡೈಕ್ಯಾಂಥಿಯಂ ಮೊಣಕಾಲೆತ್ತರ ನಿಂತಿತ್ತು. ಕಾಂಡದ ಗಿಣ್ಣಿನ ಸುತ್ತ ಬಿಳಿ ರೋಮದ ಉಂಗುರ, ಅದೇ ಗುರುತು. ಅದನ್ನು ಕಂಡೊಡನೆ ಕೈಗೆ ನೆನಪಾಯಿತು. ಕುಡುಗೋಲಿಗೆ ಮೆತ್ತಗೆ ಸಿಕ್ಕಿ ಸರಕ್ಕನೆ ಬರುತ್ತಿದ್ದ, ಹಸುಗಳು ಹಂಬಲಿಸಿ ತಿನ್ನುತ್ತಿದ್ದ ಹುಲ್ಲು ಇದೇ ಆಗಿತ್ತು. ಸಮಾಜದ ಹಿರಿಯರ ಒಪ್ಪಿಗೆ ಪಡೆದು, ಕಾರ್ತಿಕದಲ್ಲಿ ಬೀಜ ಉದುರುವ ಮೊದಲು ಚೀಲ ಹಿಡಿದು ತೆನೆ ಸವರಿ ತಂದೆವು. ಜೊತೆಗೆ ನೆರೆಯ ಅನಂತಪುರದ ರೈತರು ಬೆಳೆದು ಮಾರುವ ಸ್ಟೈಲೋ ಎಂಬ ದ್ವಿದಳ ಮೇವಿನ ಬೀಜವನ್ನೂ ತರಿಸಿ ಬೆರೆಸಿ ಚೆಲ್ಲಿದೆವು. ಅದು ಅಮೆರಿಕ ಖಂಡದ ಮೂಲದ್ದು. ಬೇರಿನಲ್ಲಿ ಸಾರಜನಕ ಹಿಡಿದು ಮಣ್ಣಿಗೆ ಕೊಡುತ್ತದೆ.

ಮೊದಲ ಎರಡು ವರ್ಷ ನೋಡುವಂತಹದೇನೂ ಇರಲಿಲ್ಲ. 2021ರ ನವೆಂಬರಿನ ಭಾರಿ ಮಳೆಗೆ ನಮ್ಮ ಕೆರೆಯೂ ಕೋಡಿ ಹರಿಯಿತು. ಮರುವರ್ಷ ಇಳಿಜಾರಿನ ಕೆಳಭಾಗದಲ್ಲಿ ಬಿಳಿಯುಂಗುರದ ಹುಲ್ಲು ಹಾಸಿಕೊಂಡಿತು. ಅನಂತರ 2023ರ ಬರ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಸಾರಿದ ವರ್ಷ. ಮೇಲಣ ಎಲೆಯೆಲ್ಲ ಒಣಗಿತು. ನಾವು ದಿನವೂ ಹೋಗಿ ಬುಡವನ್ನು ಉಗುರಿನಿಂದ ಕೆರೆದು ನೋಡುತ್ತಿದ್ದೆವು, ಒಳಗೆ ಹಸುರಿತ್ತು. ಸ್ಟೈಲೋ ಅರ್ಧಕ್ಕರ್ಧ ಸತ್ತಿತು. ರುದ್ರಭೂಮಿಯಿಂದ ಬಂದದ್ದು ಸಾಯಲಿಲ್ಲ.

ಇದರಲ್ಲಿ ನಮ್ಮಿಂದ ಇನ್ನೊಂದು ತಪ್ಪಾಗಿದೆ. ಬೇಲಿ ಹಾಕಿದ್ದರಿಂದ ಊರಿನ ಕುರಿ ಸಾಕುವವರಿಗೆ ದಾರಿ ತಪ್ಪಿತು. ಊರಿನ ಗೋಮಾಳ ಅಷ್ಟಿಷ್ಟಾಗಿ ಹಂಚಿಹೋಗಿ ಉಳಿದದ್ದು ಅಲ್ಪ. ಬರದ ಬೇಸಿಗೆಯಲ್ಲಿ ಅವರು ಬಂದು ಬೇಲಿಯಾಚೆ ನಿಂತು ನೋಡುತ್ತಿದ್ದರು. ಒಂದು ರಾತ್ರಿ ಯಾರೋ ತಂತಿ ಕತ್ತರಿಸಿದರು. ನಾವು ಯಾರ ಮೇಲೂ ದೂರು ಕೊಡಲಿಲ್ಲ; ತಾತನ ಕಾಲದಲ್ಲಿ ಬೇಲಿಯಿರಲಿಲ್ಲ ಎಂಬುದು ನಮಗೆ ಗೊತ್ತಿತ್ತು. ಆ ಬಳಿಕ ಕುಳಿತು ಮಾತಾಡಿ, ಬೀಜ ಉದುರಿದ ಮೇಲೆ ಸಂಕ್ರಾಂತಿಯಿಂದ ಯುಗಾದಿಯವರೆಗೆ ಬಿಡುವುದು, ಮಳೆ ಬಿದ್ದ ಮೇಲೆ ಮುಚ್ಚುವುದು, ಕೊಯ್ದ ಹುಲ್ಲಿನಲ್ಲಿ ಅರ್ಧ ಊರಿಗೆ ಎಂದು ಗೊತ್ತುಮಾಡಿಕೊಂಡಿದ್ದೇವೆ. ಎಲ್ಲರೂ ಒಪ್ಪಿದ್ದಾರೆಂದಲ್ಲ.

ಈಗ ಒದಗಿರುವ ವಿಷಯಕ್ಕೆ ಬರೋಣ. ರಸ್ತೆ ಅಗಲವಾದ ಮೇಲೆ ಈ ನೆಲಕ್ಕೆ ಬೆಲೆ ಬಂದಿದೆ. ಹುಲ್ಲುಬನ್ನಿಯಲ್ಲಿ ಸಮಾಜದ ಸಮುದಾಯ ಭವನ ಕಟ್ಟಬೇಕೆಂದು ಆಡಳಿತ ಮಂಡಳಿಯಲ್ಲಿ ಪ್ರಸ್ತಾಪ ಬಂದಿದೆ, ದಾನಿಗಳೂ ಸಿದ್ಧರಿದ್ದಾರೆ. ಈ ಸೀಮೆಯಲ್ಲಿ ನಮ್ಮವರ ಮನೆಗಳು ಚದುರಿದಂತಿವೆ. ಒಂದು ಮದುವೆಗೆ, ಒಂದು ಲಿಂಗದೀಕ್ಷೆಗೆ ಸ್ಥಳವಿಲ್ಲದೆ ಬಡ ಕುಟುಂಬಗಳು ಪಡುವ ಪಾಡನ್ನು ನಾವು ಬಲ್ಲೆವು. ಭವನ ಬೇಡವೆಂದು ನಾವು ಹೇಳುವುದಿಲ್ಲ. ರಸ್ತೆ ಬದಿಯ ಎರಡು ಎಕರೆ, ಹುಲ್ಲು ಹಿಡಿಯದ ಜಲ್ಲಿ ನೆಲ, ಅದಕ್ಕೆ ಸಾಕೆಂಬುದು ನಮ್ಮ ನಮ್ರ ಅಭಿಪ್ರಾಯ. ವಾಹನ ನಿಲ್ದಾಣ, ಉದ್ಯಾನ, ಮುಂದಿನ ವಿಸ್ತರಣೆ ಎಂದು ಹದಿನಾಲ್ಕು ಎಕರೆಯನ್ನೂ ನಕ್ಷೆಯಲ್ಲಿ ಸೇರಿಸಿರುವುದಕ್ಕೆ ಮಾತ್ರ ನಮ್ಮ ಒಪ್ಪಿಗೆಯಿಲ್ಲ. ಸಭೆ ಕಾರ್ತಿಕ ಮಾಸದಲ್ಲಿ ನಡೆಯಲಿದೆ. ಸಭೆಯ ಮುಂದಿಡಲು ಟಿಪ್ಪಣಿ ಸಿದ್ಧಪಡಿಸುವಂತೆ ಕಾರ್ಯದರ್ಶಿಗಳು ಹೇಳಿಕಳುಹಿಸಿದರು. ಜೊತೆಗೆ ಮಾದರಿಯೆಂದು ಕಡತದಿಂದ ಒಂದು ಹಳೆಯ ಪತ್ರದ ನಕಲನ್ನೂ ಕಳುಹಿಸಿದರು. ತೆರೆದು ನೋಡಿದರೆ 1984ರ ನಮ್ಮದೇ ಕೈಬರಹ. "ಯಾವ ಉಪಯೋಗಕ್ಕೂ ಬಾರದ ಬಂಜರು ಭೂಮಿ."

ಟಿಪ್ಪಣಿಯನ್ನು ಮೊನ್ನೆ ಬರೆದು ಮುಗಿಸಿದೆವು. ಮೊದಲನೆಯ ಸಾಲಿನಲ್ಲಿ ಹುಲ್ಲುಬನ್ನಿ ಎಂದು ಬರೆದಿದ್ದೇವೆ. ನಲವತ್ತು ವರ್ಷಗಳ ಹಿಂದೆ ಆ ಶಬ್ದವನ್ನು ಹೊಡೆದವರು ಯಾರೆಂಬುದನ್ನೂ ಬರೆದಿದ್ದೇವೆ. ಈ ಲೇಖನ ಅಚ್ಚಾಗುವ ವೇಳೆಗೆ ತೀರ್ಮಾನ ಆಗಿರಬಹುದು, ಇಲ್ಲದಿರಬಹುದು. ಸಭೆಗೆ ಬರುವ ಭಕ್ತರು ಒಂದು ಗಳಿಗೆ ಮೊದಲೇ ಬಂದರೆ ನೆಲವನ್ನು ನಾವೇ ತೋರಿಸುತ್ತೇವೆ.

ಕಾಗದ ಮಡಿಸಿ ಸಂಜೆ ಹೊರಗೆ ಹೋದಾಗ ತಾತನ ಮೊಮ್ಮಗ ಕುರಿಗಳೊಡನೆ ಬೇಲಿಯ ಬಳಿ ನಿಂತಿದ್ದ. ಹಿಂದಿನ ರಾತ್ರಿ ಮಳೆ ಬಂದಿತ್ತು. "ಯಾವಾಗ ಬಿಡ್ತೀರಾ ಅಯ್ನೋರೇ?" ಎಂದ. ಇನ್ನೂ ತೆನೆ ಬಂದಿಲ್ಲವಪ್ಪಾ ಎಂದೆವು. ಅವನು ಬಗ್ಗಿ ಒಂದು ಎಸಳು ಕಿತ್ತು, ಗಿಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿ, "ಇದಕ್ಕೆ ನಮ್ಮ ತಾತ ಉಂಗುರದ ಹುಲ್ಲು ಅಂತಿದ್ರು" ಎಂದ. ನಾವು ಒಳಗೆ ಹೋಗಿ, ಟಿಪ್ಪಣಿಯಲ್ಲಿ ಡೈಕ್ಯಾಂಥಿಯಂ ಎಂದು ಬರೆದಿದ್ದ ಕಡೆಯಲ್ಲೆಲ್ಲ ಆ ಹೆಸರನ್ನೂ ಸೇರಿಸಿದೆವು.